ಹೊರಗಿಟ್ಟ ಜನರೇಟರಿನ ಹೊಟ್ಟೆಕಿಚ್ಚು

ನಾನು ಒಂದು ಪೆಟ್ರೋಲ್ ಜನರೇಟರ್. ಇಬ್ಬರು ಹಿಡಿದರೆ ಎಲ್ಲಿಗೆ ಬೇಕಾದರೂ ಹೊರಡುವ ಚಿಕ್ಕ ಜಾತಿ. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಕಣ್ಣು ಬಿಟ್ಟಿದ್ದು ರಾಣೆಬೆನ್ನೂರಿನ ಮೈಕ್ ಸೆಟ್ ಅಂಗಡಿಯಲ್ಲಿ. ಆಗ ನನ್ನ ಗತ್ತೇ ಬೇರೆ. ಮದುವೆ ಚಪ್ಪರದಲ್ಲಿ ಕರೆಂಟು ಹೋದರೆ ಬೀಗರೆಲ್ಲ ನನ್ನನ್ನೇ ಕೂಗುತ್ತಿದ್ದರು. ಅಂಗಡಿ ಮುಚ್ಚಿದಾಗ ಹಿಟ್ಟಿನ ಗಿರಣಿಯ ಮೈಲಾರಪ್ಪ ನನ್ನನ್ನು ಮನೆಗೆ ತಂದರು.

ಬಂದ ದಿನವೇ ಅವನನ್ನು ನೋಡಿದೆ. ಇನ್ವರ್ಟರ್! ಪಡಸಾಲೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ. ನನ್ನನ್ನೋ ಹಿತ್ತಿಲಿನ ತಗಡಿನ ಕೆಳಗೆ ಇಟ್ಟರು. ಕರೆಂಟು ಹೋದರೆ ಮೊದಲ ಮರ್ಯಾದೆ ಅವನಿಗೆ, ಅವನು ಸುಸ್ತಾದರೆ ಮಾತ್ರ ನಾನು. ಮೈಲಾರಪ್ಪನವರ ತಾಯಿ ನೀಲವ್ವ ಅವನ ಧೂಳು ಒರೆಸುತ್ತಾ, "ಎಷ್ಟ ಶಾಂತ ಐತಿ ನೋಡು, ಬಂಗಾರದಂಥಾದ್ದು" ಅನ್ನುತ್ತಿದ್ದಳು. ನಾನು ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಪೆಟ್ರೋಲು ಇಲ್ಲದೆಯೂ ನನ್ನ ಹೊಟ್ಟೆ ಉರಿಯುತ್ತಿತ್ತು. ಒಂದು ದಿನವಾದರೂ ಒಳಗೆ, ಅವನ ಪಕ್ಕದಲ್ಲಿ ಕೂರಬೇಕು ಅನ್ನುವುದೇ ನನ್ನ ಆಸೆಯಾಗಿತ್ತು.

ಖಂಡೇಪೂಜೆಯ ದಿನ ಅದು ಕೈಗೂಡಿತು. ನಮ್ಮ ಕಡೆ ಆಯುಧಪೂಜೆಗೆ ಹಾಗೆ ಅನ್ನುತ್ತಾರೆ. ಗಿರಣಿಯ ನಟ್ಟು ಬಿಗಿಯುವ ಪಾನಾ, ತಕ್ಕಡಿ, ಮನೆಯ ಕುಡುಗೋಲು, ಈಳಿಗೆಮಣೆ ಎಲ್ಲದರ ಸಾಲಿನಲ್ಲಿ ನನ್ನನ್ನೂ ಒಳಗೆ ತಂದು ಕೂರಿಸಿದರು. ಚೆಂಡುಹೂವಿನ ಮಾಲೆ ನನ್ನದೇ ದಪ್ಪಗಿತ್ತು, ಸುಳ್ಳು ಹೇಳುವುದಿಲ್ಲ. ಪೂಜೆಗೆ ಕೂರಿಸಿದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಕದಲಿಸುವಂತಿಲ್ಲ.

ಬೆಳಗಿನಿಂದ ಮಳೆಗಾಳಿ, ಕರೆಂಟಿಲ್ಲ. ಮಧ್ಯಾಹ್ನಕ್ಕೆ ಇನ್ವರ್ಟರ್ ಕುಂಯ್ ಎಂದು ಅತ್ತು ಮಲಗಿಬಿಟ್ಟ. ಅಬ್ಬಾ, ಎಂಥ ಸಂತೋಷ ನನಗೆ!

"ಹೊರಗ ಒಯ್ದು ಚಾಲೂ ಮಾಡ್ಲೇನ ಅವ್ವಾ?" ಮೈಲಾರಪ್ಪ ಕೇಳಿದರು.

"ಪೂಜಿಗೆ ಕುಂದ್ರಿಸಿದ್ದನ್ನ ಅಳ್ಳಾಡಸ್ತಾರೇನ ತಮ್ಮಾ? ಅಲ್ಲೇ ಹಚ್ಚು. ಕಿಡಕಿ ಮುಚ್ಚು, ದೀಪ ಆರ್ತೈತಿ."

ಹಗ್ಗ ಎಳೆದರು. ಪಡಸಾಲೆ ನಡುಗುವಂತೆ ಹಾಡಿದೆ. ಬಲ್ಬು ನನ್ನದು, ಫ್ಯಾನು ನನ್ನದು. ಪಕ್ಕದಲ್ಲಿ ಅವನು ಉಸಿರೆತ್ತದೆ ಬಿದ್ದಿದ್ದ. ನೋಡು ಮಗನೇ, ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ನೀಲವ್ವ ಹಣೆ ಒತ್ತಿಕೊಂಡಳು. "ತಲಿ ಸಿಡ್ಯಾಕತ್ತೈತಿ."

"ಉಪಾಸ ಇದ್ದೀಯಲ್ಲ, ಅದಕ್ಕ. ಒಂದೀಟು ಅಡ್ಡಾಗು" ಅಂದ ಮೈಲಾರಪ್ಪನವರಿಗೂ ಓಕರಿಕೆ ಬಂತು. ಅವರದೂ ಉಪವಾಸವೇ, ತಾವೂ ಚಾಪೆಯ ಮೇಲೆ ಉರುಳಿದರು. ಗೋಡೆಗೆ ಒರಗಿದ್ದ ಮುದುಕಿಯ ಕತ್ತು ವಾಲಿತು. ಮಗ ಕರೆದರೂ ಓಗೊಡಲಿಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿದ್ದು ನನ್ನದೇ ಉಸಿರು. ನನಗೆ ದಿಗಿಲಾಯಿತು. ಆದರೆ ಟಾಕಿಯಲ್ಲಿ ಪೆಟ್ರೋಲು ಇರುವ ತನಕ ನಾನಾಗಿ ನಿಲ್ಲುವುದು ಹೇಗೆ?

ಗಿರಣಿಯಲ್ಲಿ ಪೂಜೆ ಮುಗಿಸಿ ಬಂದ ಸೊಸೆ ಕಸ್ತೂರಿ ಬಾಗಿಲು ತಳ್ಳಿದವಳೇ ಕಿರುಚಿದಳು. "ಮನಿಯೊಳಗ ಹಚ್ಚೀರೇನ್ರೀ ಇದನ್ನ! ಏಳ್ರೀ, ಹೊರಗ ನಡೀರಿ! ಅತ್ತೀ, ಕಣ್ಣ ಬಿಡ್ರಿ!" ನನ್ನ ಬಾಯಿ ಮುಚ್ಚಿಸಿ, ಅತ್ತೆಯನ್ನು ಎರಡು ತೋಳು ಹಿಡಿದು ಮಳೆಗೇ ಎಳೆದೊಯ್ದಳು. ಮೈಲಾರಪ್ಪ ತೆವಳುತ್ತಾ ಹಿಂದೆ ಹೋದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಅಜ್ಜಿ ಕಣ್ಣು ಬಿಟ್ಟಳಂತೆ. "ಇದರ ಹೊಗಿಯೊಳಗ ವಾಸನಿ ಇಲ್ಲದ ವಿಷ ಇರ್ತೈತಂತ. ಕಿಡಕಿ ತಗದ್ರೂ ಒಳಗ ಹಚ್ಚಬಾರದಂತ" ಎಂದು ಕಸ್ತೂರಿ ಬೀದಿಗೆಲ್ಲ ಹೇಳಿದಳು. ನನ್ನ ಮಾನ ಹೋಯಿತು.

ನನ್ನನ್ನು ಹಿತ್ತಿಲಿನ ಕಟ್ಟಕಡೆಯಲ್ಲಿ, ಸುತ್ತಲೂ ಬಯಲಾಗಿರುವ ತಗಡಿನ ಕೆಳಗೆ, ಮನೆಗೆ ಬೆನ್ನು ಹಾಕಿಸಿ ಕೂರಿಸಿದರು. ಹೊಗೆಕೊಳವೆ ಬಾಗಿಲ ಕಡೆ ತಿರುಗಬಾರದು. ಮೈ ತಣ್ಣಗಾಗದೆ ಪೆಟ್ರೋಲು ಹಾಕಬಾರದು. ನನ್ನ ಕರೆಂಟು ಬೀದಿಯ ತಂತಿಗೆ ನುಗ್ಗಿ ಲೈನ್‌ಮನ್‌ನನ್ನು ಕೊಲ್ಲದಿರಲೆಂದು ಬೇರೆಯೇ ಒಂದು ಸ್ವಿಚ್ಚು. ಒಳಗಿನವನಿಗೆ ಅದೇ ಕಸೂತಿ ಬಟ್ಟೆ. ಹೊಟ್ಟೆಕಿಚ್ಚಿಗೆ ಉರಿದುಹೋದೆ.

ಮುಂದಿನ ಖಂಡೇಪೂಜೆ ಬಂತು. ನನ್ನನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದೆ. ಕೋಲೂರಿಕೊಂಡು, ಕೆಸರು ತುಳಿಯುತ್ತಾ ನೀಲವ್ವನೇ ಬಂದಳು. ವಿಭೂತಿ ಹಚ್ಚಿ ಮಾಲೆ ಹಾಕಿದಳು.

"ನೀ ಒಳಗ ಬರಬ್ಯಾಡಪಾ. ನಾನ ಬರ್ತೀನಿ."

ಈಗ ನನ್ನ ಹಗ್ಗ ಸವೆದಿದೆ, ಮೈ ತುಕ್ಕು ಹಿಡಿದಿದೆ. ಆಕೆಗೂ ಕಣ್ಣು ಮಂಜು. ಆದರೂ ವರ್ಷ ವರ್ಷ ಸೊಸೆಯ ತೋಳು ಹಿಡಿದು ಹಿತ್ತಿಲು ದಾಟಿ ಬರುತ್ತಾಳೆ. ಒಳಗಿನ ಇನ್ವರ್ಟರಿಗೆ ಯಾರೋ ಓಡಾಡುತ್ತಾ ಕುಂಕುಮ ಇಟ್ಟು ಹೋಗುತ್ತಾರಂತೆ. ತೆರೆದ ಕಿಟಕಿಯಿಂದ ಅವನು ನಮ್ಮಿಬ್ಬರನ್ನೂ ನೋಡುತ್ತಿರುತ್ತಾನೆ.

ನೋಡಲಿ.