ಹೆಸರು ಹಿಡಿದು ಕರೆಯುವ ಮಗಳು

ಕಲಿಪಾ ಅಕ್ಕ ಒದ್ದೆ ಬಟ್ಟೆಯಿಂದ ಪ್ಲಾಸ್ಟಿಕ್ ಪ್ರಾಣಿಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಒಂಟೆ, ಕುರಿ, ಕುದುರೆ, ಕುರಿಮರಿ, ಬಾಲ ಮುರಿದ ತೋಳ. ಒರೆಸಿದ್ದನ್ನು ಹೀಟರಿನ ಮೇಲೆ ಹಾಸಿದ್ದ ಟವೆಲಿನಲ್ಲಿ ಆರಲು ಇಡುತ್ತಿದ್ದರು. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಅವರ ಬೆರಳುಗಳನ್ನು ನೋಡುತ್ತಿದ್ದೆ. ಬೇರೆ ದಿನವಾಗಿದ್ದರೆ ಒಂದು ಬಟ್ಟೆ ನನ್ನ ಕೈಗೂ ಕೊಡುತ್ತಿದ್ದರು. ಅವತ್ತು ಕೊಡಲಿಲ್ಲ.

ಅವತ್ತು ನನ್ನ ಮಗಳನ್ನು ಅಕ್ಕನ ಕೋಣೆಗೆ ಕರೆತರುವವರಿದ್ದರು. ಬೆರ್ಮೆಟ್‌ಗೆ ಆಗ ಆರು ವರ್ಷ. ಅವಳು ನನ್ನ ಜೊತೆ ಇರಬೇಕೋ ನನ್ನ ಅತ್ತೆಯ ಜೊತೆ ಇರಬೇಕೋ ಎಂದು ನರಿನ್ ಊರಿನ ಕೋರ್ಟು ತೀರ್ಮಾನಿಸಬೇಕಿತ್ತು. ಮಗುವಿನ ಮನಸ್ಸು ಯಾರ ಕಡೆ ಇದೆ ಎಂದು ನೋಡಿ ಹೇಳುವ ಕೆಲಸವನ್ನು ಕೋರ್ಟು ಕಲಿಪಾ ಅಕ್ಕನಿಗೆ ಒಪ್ಪಿಸಿತ್ತು. ನಮ್ಮ ಊರಿಗೆ ಮನಶ್ಶಾಸ್ತ್ರಜ್ಞೆ ಅಂತ ಇದ್ದವರು ಅವರೊಬ್ಬರೇ.

ನನಗೆ ಅವರು ಮೊದಲೇ ಗೊತ್ತಿದ್ದರು. ಹಿಂದಿನ ಚಳಿಗಾಲ ಅತ್ತೆಯ ಮನೆ ಬಿಟ್ಟ ಮೇಲೆ ನಾನು ಬೇಕರಿಯಲ್ಲಿ ಕೆಲಸಕ್ಕೆ ಸೇರಿ ಅದರ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಬೇಕರಿಯ ಹೆಂಗಸೊಬ್ಬಳು ಮಹಿಳಾ ಸಹಾಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಅಕ್ಕನ ಮುಂದೆ ಕೂರಿಸಿದಳು. ಆಮೇಲೆ ಪ್ರತಿ ಮಂಗಳವಾರ ಹೋದೆ. "ಈ ಕೋಣೇಲಿ ಆಡಿದ್ದು ಈ ಬಾಗಿಲು ದಾಟಲ್ಲ. ಕಾನೂನೂ ಹಂಗೇ ಹೇಳುತ್ತೆ, ನಾನೂ ಹಂಗೇ ಹೇಳ್ತೀನಿ" ಎಂದಿದ್ದರು. ಶಾಲೆ ಅರ್ಧಕ್ಕೆ ಬಿಟ್ಟು ಸೊಸೆಯಾದವಳು ನಾನು. ನನ್ನ ಮಾತು ಪೂರ್ತಿಯಾಗುವ ತನಕ ಕಾದು ಕೂತವರು ಅವರೊಬ್ಬರೇ. ಅದಕ್ಕೇ ಎಲ್ಲವನ್ನೂ ಹೇಳಿದೆ.

ಕೋರ್ಟಿನವರು ಕೇಳಿದಾಗ ಅಕ್ಕ ಮೊದಲು ಒಪ್ಪಲಿಲ್ಲ. ಅವರು ಫೋನಿನಲ್ಲಿ ಮಾತಾಡುವಾಗ ನಾನು ಅಲ್ಲೇ ಇದ್ದೆ. "ಆ ಹುಡುಗಿ ನನ್ನ ಹತ್ರ ಚಿಕಿತ್ಸೆಗೆ ಬರ್ತಾಳೆ. ಅವಳ ಕಣ್ಣೀರು ಒರೆಸಿದ ಕೈಯಲ್ಲೇ ಅವಳನ್ನ ತೂಗೋಕಾಗಲ್ಲ. ಅದು ತಪ್ಪು" ಎಂದರು. ರಾಜಧಾನಿ ಬಿಷ್ಕೆಕ್‌ನಿಂದ ಬೇರೆಯವರನ್ನು ಕರೆಸಬೇಕೆಂದರೆ ಕಣಿವೆ ದಾರಿ ಹಿಮದಲ್ಲಿ ಮುಚ್ಚಿತ್ತು. ವಸಂತದವರೆಗೆ ಕಾಯಬೇಕಿತ್ತು. ಅಷ್ಟು ದಿನ ಮಗು ಅತ್ತೆಯ ಮನೆಯಲ್ಲೇ. "ಯೋಚನೆ ಮಾಡಿ ಹೇಳ್ತೀನಿ" ಎಂದು ಅಕ್ಕ ಫೋನು ಇಟ್ಟರು.

ಮುಂದಿನ ಮಂಗಳವಾರ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದರು: "ಜಿಪಾರ್, ಸರಿಯಾಗಿ ಕೇಳಿಸ್ಕೋ. ನಾನು ಈ ಕೆಲಸ ಒಪ್ಕೊಂಡ್ರೆ ನಿನ್ನ ಕಡೆಯವಳಾಗಿರಲ್ಲ, ಕೋರ್ಟಿನವಳಾಗ್ತೀನಿ. ಬೇಡ ಅಂದ್ರೆ ಈಗಲೇ ಅಂದ್ಬಿಡು, ಬೇಜಾರಿಲ್ಲ."

"ನೀವೇ ಮಾಡಿ ಅಕ್ಕ" ಎಂದೆ.

"ಅರ್ಥ ಆಗಿ ಹೇಳ್ತಿದ್ದೀಯಾ?"

"ಹ್ಞೂಂ."

ನನಗೆ ಅರ್ಥವಾಗಿದ್ದು ಇಷ್ಟೇ: ಊರಲ್ಲಿ ನನ್ನನ್ನು ಬಲ್ಲವರು ಒಬ್ಬರಿದ್ದಾರೆ, ತೀರ್ಪು ಅವರ ಬಾಯಲ್ಲಿದೆ. ಬೇಕರಿಯ ಹೆಂಗಸರಿಗೂ ಹಾಗೇ ಅನ್ನಿಸಿತು. "ಅಬ್ಬಾ, ನೋಡೇ ಇವಳ ಅದೃಷ್ಟ! ಬಾಯೇ ಇಲ್ಲದೋಳಿಗೆ ಕೋರ್ಟಿನವರು ಬಾಯಿ ಬಾಡಿಗೆಗೆ ಕೊಟ್ಟವ್ರೆ" ಎಂದು ನಕ್ಕರು. ನಾನೂ ನಕ್ಕೆ.

ಪ್ರಾಣಿಗಳನ್ನು ಒರೆಸಿಟ್ಟ ಆ ದಿನ ಅತ್ತೆ ಬಂದಾಗ ಮೊದಲು ಅವರ ಬೂಟಿನ ಸದ್ದು ಕೇಳಿಸಿತು. ನಾನು ಎದ್ದು ತಲೆ ಬಾಗಿಸಿದೆ. ಮನೆ ಬಿಟ್ಟರೂ ಬೆನ್ನಿಗೆ ಆ ಅಭ್ಯಾಸ ಹೋಗಿರಲಿಲ್ಲ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಏನಮ್ಮಾ, ಬೇಕರಿ ಬ್ರೆಡ್ಡು ಚೆನ್ನಾಗಿ ಮೈಗೆ ಹತ್ತಿದೆ. ನಮ್ಮನೆ ಮಾಂಸ ತಿಂದಾಗ ಕಡ್ಡಿ ಹಂಗಿದ್ದೆ."

ಬೆರ್ಮೆಟ್ ಅವರ ಕೋಟಿನ ಹಿಂದಿನಿಂದ ಇಣುಕಿ, "ಜಿಪಾರ್! ನಂಗೆ ಹಲ್ಲು ಬಿತ್ತು!" ಎಂದು ಬಾಯಿ ತೆರೆದು ತೋರಿಸಿದಳು.

ಅವಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನಮ್ಮಲ್ಲಿ ಚೊಚ್ಚಲ ಮಗು ಅಜ್ಜಿ ತಾತನದ್ದು. ಬೆರ್ಮೆಟ್‌ಳ ತೊಟ್ಟಿಲು ಶಾಸ್ತ್ರ ಮುಗಿದ ದಿನವೇ ಅತ್ತೆ ಅವಳನ್ನು ಎತ್ತಿಕೊಂಡು, "ಇದು ನಂದು. ಮುಂದಿನದ್ದೆಲ್ಲ ನಿಂದು" ಎಂದಿದ್ದರು. ಹಾಲುಣಿಸುವ ಹೊತ್ತಿಗೆ ನನ್ನನ್ನು ಕರೆಯುತ್ತಿದ್ದರು. ಉಣಿಸಿ ಎದ್ದು ಬರುತ್ತಿದ್ದೆ. ಮಗುವಿಗೆ ಮಾತು ಬಂದಾಗ ಅತ್ತೆ ಅಮ್ಮ ಆದರು, ನಾನು ಮನೆಯವರ ಬಾಯಲ್ಲಿ ಇದ್ದ ಹಾಗೆ ಜಿಪಾರ್ ಆದೆ. ಇದರಲ್ಲಿ ಯಾರಿಗೂ ಅನ್ಯಾಯ ಕಾಣುವುದಿಲ್ಲ, ನನಗೂ ಕಂಡಿರಲಿಲ್ಲ. ಮುಂದಿನದ್ದು ಹುಟ್ಟಲಿಲ್ಲ, ಅಷ್ಟೇ. ಗಂಡ ದುಡಿಯಲು ರಷ್ಯಾಕ್ಕೆ ಹೋದ.

ಅತ್ತೆಯನ್ನು ಹೊರಗೆ ಕೂರಿಸಿ ಅಕ್ಕ ಬಾಗಿಲು ಹಾಕಿದರು. ನಾನು ಮೂಲೆಯಲ್ಲಿ ಸುಮ್ಮನೆ ಕೂರಬೇಕೆಂದು ಹೇಳಿದರು. ಆಮೇಲೆ ನೆಲದ ಕಂಬಳಿಯ ಮೇಲೆ ಪ್ರಾಣಿಗಳನ್ನು ಸುರಿದು ಬೆರ್ಮೆಟ್‌ಳ ಎದುರು ಕೂತರು.

"ಇವುಗಳಲ್ಲಿ ನಿಮ್ಮ ಮನೆಯವರನ್ನ ಹುಡುಕು ನೋಡೋಣ."

ಬೆರ್ಮೆಟ್ ಒಂಟೆಯನ್ನು ಎತ್ತಿಕೊಂಡಳು. "ಇದು ಅಮ್ಮ. ಅಮ್ಮಂಗೆ ಮೊಣಕಾಲು ನೋವು, ಕೂತ್ಕೊಂಡೇ ಇರ್ತಾರೆ." ಒಂಟೆಯ ಹೊಟ್ಟೆಯ ಕೆಳಗೆ ಕುರಿಮರಿಯನ್ನು ತೂರಿಸಿದಳು. "ಇದು ನಾನು."

"ಜಿಪಾರ್ ಎಲ್ಲಿ?"

ಬೆರ್ಮೆಟ್ ಯೋಚಿಸಿ ಕುದುರೆಯನ್ನು ತೆಗೆದುಕೊಂಡು ಕಂಬಳಿಯ ಅಂಚಿಗೆ ನಿಲ್ಲಿಸಿದಳು. "ಜಿಪಾರ್ ಕೆಲಸಕ್ಕೆ ಹೋಗವ್ಳೆ."

"ಮರಿಗೆ ಭಯ ಆಯ್ತು, ತೋಳ ಬಂತು. ಯಾರ ಹತ್ರ ಓಡುತ್ತೆ?"

"ಓಡಲ್ಲ. ಇಲ್ಲೇ ಇದೆಯಲ್ಲ, ಹೊಟ್ಟೆ ಕೆಳಗೆ. ನಿಂಗೆ ಕಣ್ಣು ಕಾಣಲ್ವಾ?"

ಅಕ್ಕನಿಗೆ ನಗು ಬಂತು. ನನಗೂ ಬಂತು. ಬೆರ್ಮೆಟ್ ಕುದುರೆಯನ್ನೂ ಒಂಟೆಯ ಹತ್ತಿರ ತಂದು ಬಿಡುತ್ತಾಳೇನೋ ಎಂದು ಕಾದೆ. ಅವಳಿಗೆ ಆಟ ಸಾಕಾಗಿತ್ತು. ತೋಳದ ಬಾಲ ಯಾರು ಮುರಿದರು ಎಂದು ಕೇಳುತ್ತಿದ್ದಳು.

ಅವರು ಹೋದ ಮೇಲೆ ಅಕ್ಕ ಪ್ರಾಣಿಗಳನ್ನು ತಕ್ಷಣ ಎತ್ತಿಡಲಿಲ್ಲ. ಕಂಬಳಿಯ ಮೇಲೇ ಕೂತು ಹೇಳಿದರು: "ನಾನೂ ಹಂಗೇ ಬೆಳೆದವಳು ಕಣೇ. ಅಜ್ಜಿಯನ್ನ ಅಮ್ಮ ಅಂತಿದ್ದೆ. ಹೆತ್ತವಳನ್ನ ಸಾಯೋ ತನಕ ಗುಲಿಪಾ ಅಂತಲೇ ಕರೆದೆ."

ಆ ಮಾತು ಕೇಳಿ ನನ್ನ ಎದೆ ಹಗುರವಾಯಿತು. ಮಗುವಿನ ಬಾಯಲ್ಲಿ ಅಮ್ಮ ಎಂದರೆ ಏನು, ಜಿಪಾರ್ ಎಂದರೆ ಏನು ಎಂದು ಇವರಿಗೆ ಬಿಡಿಸಿ ಹೇಳಬೇಕಿಲ್ಲ ಎಂದುಕೊಂಡೆ. ಬೇಕರಿಗೆ ಓಡಿಕೊಂಡು ಹೋದೆ.

ಕೋರ್ಟಿನಲ್ಲಿ ಬೆಂಚುಗಳು ತುಂಬಿದ್ದವು. ಅತ್ತೆಯ ಕಡೆಯ ಹೆಂಗಸರೆಲ್ಲ ಬಿಳಿ ವಸ್ತ್ರ ತಲೆಗೆ ಸುತ್ತಿಕೊಂಡು ಬಂದಿದ್ದರು. ನನ್ನ ಪರವಾಗಿ ಬೇಕರಿಯ ಒಬ್ಬಳಿದ್ದಳು, ಅವಳೂ ಒಲೆ ಹೊತ್ತಿಸುವ ಹೊತ್ತಾಯಿತೆಂದು ಮಧ್ಯದಲ್ಲೇ ಎದ್ದು ಹೋದಳು. ವಕೀಲರನ್ನು ಇಡುವ ಶಕ್ತಿ ನನಗಿರಲಿಲ್ಲ. ಅತ್ತೆಗೆ ಎಮಿಲ್ ಎಂಬ ವಕೀಲನಿದ್ದ. ತೆಳ್ಳಗಿನ, ಹಲ್ಲು ಕಾಣದಂತೆ ನಗುವ ಮನುಷ್ಯ.

ನ್ಯಾಯಾಧೀಶೆ ಕೇಳಿದಾಗ ಕಲಿಪಾ ಅಕ್ಕ ಎದ್ದು ನಿಂತು ಹೇಳಿದರು: "ಹೆತ್ತವಳಿಗೆ ಮಗುವಿನ ಮೇಲೆ ಪ್ರೀತಿ ಇದೆ. ಮಗುವಿಗೂ ಅವಳನ್ನ ಕಂಡ್ರೆ ಖುಷಿ. ಆದ್ರೆ ಹೆದರಿದಾಗ ಆ ಮಗು ಹೋಗೋದು ಅಜ್ಜಿ ಹತ್ರ. ಅದರ ಪಾಲಿಗೆ ತಾಯಿ ಅಂದ್ರೆ ಅಜ್ಜೀನೇ."

ಬಿಳಿ ವಸ್ತ್ರಗಳು ಅಲ್ಲಾಡಿದವು. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಇನ್ನೂ ಏನೋ ಹೇಳುತ್ತಾರೆ, ಇದು ಆರಂಭವಷ್ಟೇ ಎಂದುಕೊಂಡೆ. ಅಷ್ಟರಲ್ಲಿ ಎಮಿಲ್ ಎದ್ದ.

"ಇವರು ನಿಮ್ಮ ಹತ್ರ ಚಿಕಿತ್ಸೆಗೂ ಬರ್ತಿದ್ರು, ಅಲ್ವಾ?"

"ಹೌದು."

"ತಮಗೋ ಮಗುವಿಗೋ ಕೇಡು ಮಾಡೋ ಮಾತು ಯಾವತ್ತಾದ್ರೂ ಆಡಿದ್ರಾ?"

ಅಕ್ಕ ನ್ಯಾಯಾಧೀಶೆಯ ಕಡೆ ತಿರುಗಿ, "ಅದು ಚಿಕಿತ್ಸೆಯ ಮಾತು. ಅದು ಹೊರಗೆ ಬರಲ್ಲ ಅಂತ ನಾನು ಅವಳಿಗೆ ಮಾತು ಕೊಟ್ಟಿದ್ದೀನಿ" ಎಂದರು.

"ಮಗುವಿನ ಪ್ರಾಣದ ವಿಷಯ ಇದ್ರೆ ಆ ಮಾತು ನಿಲ್ಲಲ್ಲ, ನಿಮಗೂ ಗೊತ್ತು" ಎಂದರು ನ್ಯಾಯಾಧೀಶೆ. "ಉತ್ತರ ಕೊಡಿ. ಇಲ್ಲ ಅಂದ್ರೆ ಯಾಕೆ ಕೊಡಲ್ಲ ಅಂತ ಹೇಳಿ, ಅದನ್ನೂ ದಾಖಲಿಸ್ತೀನಿ."

ಅಕ್ಕ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಅವರು ಯೋಚಿಸುವಾಗ ಹಾಗೆ ಮಾಡುತ್ತಾರೆ. ನಾನು ಎಷ್ಟೋ ಮಂಗಳವಾರ ನೋಡಿದ್ದೆ. ಹಾಗೆ ಉಜ್ಜಿದ ಮೇಲೆ ಅವರು ಸರಿಯಾದದ್ದನ್ನೇ ಹೇಳುತ್ತಿದ್ದರು. ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೆ ನೋಡುವುದನ್ನು ಬಿಟ್ಟರು.

"ಒಂದ್ಸಲ ಹೇಳಿದ್ದಳು. ಹೋದ ಚಳಿಗಾಲ ಮಗುವನ್ನ ಎತ್ಕೊಂಡು ನರಿನ್ ಸೇತುವೆ ಮೇಲೆ ನಿಂತಿದ್ದೆ ಅಂತ."

ಬೆಂಚುಗಳಲ್ಲಿ ಯಾರೋ ಉಸಿರೆಳೆದುಕೊಂಡರು. ಅತ್ತೆ ಎರಡೂ ಕೈಗಳಿಂದ ಕೆನ್ನೆ ಹಿಡಿದುಕೊಂಡರು.

"ನಿಂತು?" ಎಂದ ಎಮಿಲ್.

"ನದಿಯಿಂದ ಹಬೆ ಏಳ್ತಿತ್ತು, ನೀರು ಬೆಚ್ಚಗಿರಬಹುದು ಅನ್ನಿಸ್ತು ಅಂದಳು."

ಅದು ನನ್ನದೇ ಮಾತು, ಒಂದಕ್ಷರವೂ ಹೆಚ್ಚು ಕಡಿಮೆ ಇರಲಿಲ್ಲ.

"ಆದ್ರೆ ಅವಳು ವಾಪಸ್..." ಎಂದು ಅಕ್ಕ ಶುರು ಮಾಡಿದರು.

"ಕೇಳಿದ್ದಕ್ಕೆ ಉತ್ತರ ಬಂತು. ಸಾಕು" ಎಂದ ಎಮಿಲ್. ನ್ಯಾಯಾಧೀಶೆ ತಲೆ ಆಡಿಸಿದರು. ಅಕ್ಕ ಕೂತರು. ಇನ್ನೊಂದು ಸಲ ಬಾಯಿ ತೆರೆಯಬಹುದಿತ್ತು, ತೆರೆಯಲಿಲ್ಲ.

ಅವರಿಗೆ ಮಿಕ್ಕಿದ್ದೂ ಗೊತ್ತಿತ್ತು. ಆ ದಿನ ಗಂಡ ರಷ್ಯಾದ ನೊವೊಸಿಬಿರ್ಸ್ಕ್‌ನಿಂದ ಫೋನು ಮಾಡಿ, ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದೇನೆ ಎಂದಿದ್ದ. ಅತ್ತೆ ನನ್ನ ಚೀಲವನ್ನು ಗೇಟಿನ ಹೊರಗೆ ಇಟ್ಟರು. ಬೆರ್ಮೆಟ್ ಮನೆಯ ಚಪ್ಪಲಿಯಲ್ಲೇ ನನ್ನ ಹಿಂದೆ ಓಡಿ ಬಂದಳು. ಎತ್ತಿಕೊಂಡೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಡೆದೆ, ಸೇತುವೆ ಬಂತು. ಅಲ್ಲಿ ನಿಂತಾಗ ಬೆರ್ಮೆಟ್ ನನ್ನ ಕಿವಿಯಲ್ಲಿ, "ಜಿಪಾರ್, ಕಾಲು ಮರಗಟ್ತಿದೆ" ಎಂದಳು. ಅವಳ ಕಾಲುಗಳನ್ನು ನನ್ನ ಕೋಟಿನೊಳಗೆ ತೂರಿಸಿಕೊಂಡು ಮನೆಗೆ ವಾಪಸು ಹೋದೆ. ಗೇಟು ತೆರೆದರು, ಮಗುವನ್ನು ತೆಗೆದುಕೊಂಡರು, ಗೇಟು ಹಾಕಿದರು. ಇದೆಲ್ಲ ಹೇಳಿದಾಗ ಅಕ್ಕ ನನ್ನ ಕೈ ಹಿಡಿದು, "ನೀನು ತಿರುಗಿ ಬಂದೆಯಲ್ಲ, ಅದೇ ನೀನು" ಎಂದಿದ್ದರು.

"ನೀವೇನಾದ್ರೂ ಹೇಳೋದಿದೆಯಾ?" ನ್ಯಾಯಾಧೀಶೆ ನನ್ನನ್ನು ಕೇಳಿದರು.

ಎದ್ದು ನಿಂತೆ. ಎದುರು ಅತ್ತೆ ಕೂತಿದ್ದರು, ಅವರ ಸುತ್ತ ದೊಡ್ಡವರು. ಗೇಟಿನ ವಿಷಯ ಹೇಳಬೇಕೆಂದರೆ ಅವರ ಮುಖಕ್ಕೇ ಹೇಳಬೇಕು. ಸೊಸೆಯಾಗಿ ಹೋದ ದಿನದಿಂದ ಆ ಹೆಂಗಸಿನ ಎದುರು ನಾನು ದನಿ ಎತ್ತಿದವಳಲ್ಲ.

"ಚಳಿ ಇತ್ತು" ಎಂದೆ.

"ಏನು?"

"ಅವತ್ತು ತುಂಬ ಚಳಿ ಇತ್ತು."

ಹಿಂದಿನ ಬೆಂಚಿನಲ್ಲಿ ಒಬ್ಬಳು ಕಿಸಕ್ಕೆಂದಳು. "ಚಳಿಗೆ ಮಗೂನ ನದಿಗೆ ಹಾಕ್ತಾರಾ, ಸ್ನಾನ ಮಾಡ್ಸೋಕೆ?" ಎಂದಳು ಇನ್ನೊಬ್ಬಳು. ನ್ಯಾಯಾಧೀಶೆ ಮೇಜು ಕುಟ್ಟಿದರು. ನಾನು ಕೂತೆ.

ಮಗು ಅಜ್ಜಿಯ ಬಳಿ ಇರಬೇಕು, ನಾನು ಅವಳನ್ನು ನೋಡಬೇಕೆಂದರೆ ಅಜ್ಜಿಯ ಒಪ್ಪಿಗೆ ಬೇಕು, ಅವರ ಎದುರಿಗೇ ನೋಡಬೇಕು ಎಂದು ತೀರ್ಪಾಯಿತು. ಓದಿ ಮುಗಿಸುವಷ್ಟರಲ್ಲಿ ಅತ್ತೆಯ ಕಡೆಯವರು ಕೋಟು ತೊಡಲು ಶುರು ಮಾಡಿದ್ದರು.

ಕಾರಿಡಾರಿನಲ್ಲಿ ಕಲಿಪಾ ಅಕ್ಕ ನನ್ನ ತೋಳು ಹಿಡಿದರು. ಅವರ ಕಣ್ಣು ಕೆಂಪಾಗಿತ್ತು.

"ನಾನು ಸುಳ್ಳು ಹೇಳಲಿಲ್ಲ ಜಿಪಾರ್."

"ಇಲ್ಲ."

"ನಾನೇ ಅಂಥ ಮಗು ಆಗಿದ್ದೋಳು. ಗುಲಿಪಾ ಬಂದು ಅಜ್ಜಿಯಿಂದ ನನ್ನ ಕಿತ್ಕೊಂಡು ಹೋಗಿದ್ರೆ ಸತ್ತೇ ಹೋಗ್ತಿದ್ದೆ. ನಿನ್ನ ಮಗಳನ್ನ ನೋಡ್ದಾಗ ಅದೇ ನೆನಪಾಯ್ತು. ಅದನ್ನ ಮುಚ್ಚಿಡೋಕೆ ನನ್ನಿಂದ ಆಗಲಿಲ್ಲ."

ಅವರು ನನ್ನ ಬಾಯಿಂದ ಒಂದು ಮಾತಿಗೆ ಕಾಯುತ್ತಿದ್ದರು. ಜನರ ಮುಖ ಓದಿ ನನಗೆ ಅಭ್ಯಾಸ. ಪರವಾಗಿಲ್ಲ ಅಕ್ಕ ಎಂದರೆ ಅವರಿಗೆ ನಿದ್ದೆ ಬರುತ್ತಿತ್ತು. ನಾನು ಅನ್ನಲಿಲ್ಲ.

"ಸೇತುವೆ ವಿಷಯ... ಉತ್ತರ ಕೊಡದಿದ್ರೆ ಇನ್ನೂ ಕೆಟ್ಟದ್ದು ಊಹಿಸ್ಕೋತಿದ್ರು" ಎಂದರು. ಆಮೇಲೆ ಮೆಲ್ಲಗೆ, ಕೋಣೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ಈಗ ನಾನು ಕೋರ್ಟಿನವಳಲ್ಲ. ಮಂಗಳವಾರ ನಿನ್ನ ಹೊತ್ತು ಹಂಗೇ ಇಟ್ಟಿರ್ತೀನಿ. ಬಾ. ಇವತ್ತಿನ ವಿಷಯಾನೂ ಮಾತಾಡೋಣ. ಎಲ್ಲ ಹೇಳ್ಕೋಬಹುದು."

ನಾನು ತೋಳು ಬಿಡಿಸಿಕೊಂಡು ಅಂಗಳಕ್ಕೆ ಓಡಿದೆ.

ಅತ್ತೆಯವರ ಕಾರು ಆಗಲೇ ಶುರುವಾಗಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಕೂತಿದ್ದರು. ಬೆರ್ಮೆಟ್ ಅವರ ತೊಡೆಗೆ ಒರಗಿಕೊಂಡು ಎಣ್ಣೆಯಲ್ಲಿ ಕರಿದ ಬೋರ್ಸೊಕ್ ತಿನ್ನುತ್ತಿದ್ದಳು. ಟೋಪಿ ಜಾರಿ ಒಂದು ಕಿವಿ ಹೊರಗೆ ಬಂದಿತ್ತು. ಎಮಿಲ್ ಮುಂದೆ ಕೂತು ಸಿಗರೇಟು ಸೇದುತ್ತಿದ್ದ. ಹೊಗೆ ಹೋಗಲೆಂದು ಹಿಂದಿನ ಕಿಟಕಿಯ ಗಾಜನ್ನೂ ಪೂರ್ತಿ ಇಳಿಸಿದ್ದರು.

"ಜಿಪಾರ್, ನೀನು ಬರಲ್ವಾ?" ಎಂದಳು ಬೆರ್ಮೆಟ್, ತಿನ್ನುತ್ತಲೇ.

"ಸುಮ್ಮನೆ ತಿನ್ನು" ಎಂದರು ಅತ್ತೆ. ಅವರು ನನ್ನ ಕಡೆ ನೋಡಲಿಲ್ಲ. ಡ್ರೈವರು ಗೇರು ಹಾಕಿದ. ನಾನು ಕಾರಿನ ಪಕ್ಕದಲ್ಲೇ, ಹಿಮದ ಮೇಲೆ ಜಾರುತ್ತ, ಬಾಗಿಲಿನ ಅಂಚು ಹಿಡಿದು ನಡೆದೆ.

"ಗಾಜು ಏರಿಸಿ" ಎಂದೆ. "ಗಾಳಿ ಬಡಿದರೆ ಅವಳಿಗೆ ಕಿವಿ ನೋಯುತ್ತೆ. ಗಾಜೊಂದು ಏರಿಸಿ."