ಬಹುದು, ಬಾರದು

ಬೀಸಣಿಗೆಯಲ್ಲ, ಪತ್ರ — ಬಸ್ಸಿನ ಮುಂದಿನ ಸೀಟಿನ ಹೆಂಗಸು ಸೆಕೆಗೆ ಬೀಸಿಕೊಳ್ಳುತ್ತಿರುವುದು ಶಾಸಕರ ತಿಂಗಳ ಪತ್ರ, ಬೆಳಿಗ್ಗೆ ತಾನೇ ಮನೆಮನೆಗೆ ಬಿದ್ದದ್ದು, ಬರೆದವಳು ಹಿಂದೆ ಕೂತ ಇವಳು, ಕೆಳಗಿನ ರುಜು ಶಾಸಕರದು, ಎಂಟು ವರ್ಷದಿಂದ ಹಾಗೆಯೇ, ಒಂದು ಸಲ ಬೀಸಿದರೆ ಶಾಸಕರ ನಗು, ಇನ್ನೊಂದು ಸಲಕ್ಕೆ ಹಿಂಬದಿಯ ಪುಟ, ಬೀದಿದೀಪ, ಗ್ರಂಥಾಲಯದ ಹೊಸ ಕುರ್ಚಿಗಳು, ಸಭೆಯಲ್ಲಿ ಕೇಳಿದ ಮೂರು ಪ್ರಶ್ನೆ, ಕಟ್ಟಕಡೆಗೆ ಕಾಲುವೆಯ ಕಾಲುಸೇತುವೆ, ಸೇತುವೆಯನ್ನು ಬಳಸ — ಬಳಸ ಏನು, ಒಂದು ಗಳಿಗೆ ಕೈ ನಿಲ್ಲಿಸು ತಾಯಿ, ನಗು, ಪುಟ, ನಗು, ಪುಟ, ದುರಸ್ತಿ ಮುಗಿಯುವವರೆಗೆ ಸಾರ್ವಜನಿಕರು ಕಾಲುಸೇತುವೆಯನ್ನು ಬಳಸಬಹುದು. ಬಹುದು? ಬಾರದು ಅಲ್ಲವೇ, ಬಾರದು ಅಂತಲೇ ಬರೆದದ್ದು, ಬರೆದಿದ್ದಳೇ, ಬೆರಳಿಗೆ ನೆನಪಿದೆಯೇ, ಬೆರಳಿಗೆ ಎಲ್ಲ ಬಾರದುಗಳೂ ಒಂದೇ. ಶಾಸಕರಿಗೆ ಆ ಪದ ಕಂಡರಾಗದು, ನೋಡೀಮ್ಮ, ನಾನು ಓಟು ಕೇಳೋನು, ಪೊಲೀಸಪ್ಪ ಅಲ್ಲ, ನನ್ನ ಪತ್ರದಲ್ಲಿ ಬಾರದು ಅನ್ನೋದು ಬರಬಾರದು, ಅಂದು ತಾವೇ ನಕ್ಕಿದ್ದರು, ಅಂದಿನಿಂದ ಕಸ ಸುಡಬಾರದು ಅನ್ನುವುದು ಕಸವನ್ನು ಗಾಡಿಗೆ ಕೊಡಬಹುದು ಆಯಿತು, ನೀರು ಪೋಲು ಮಾಡಬಾರದು ಅನ್ನುವುದು ನೀರನ್ನು ಉಳಿಸಬಹುದು ಆಯಿತು, ಪತ್ರ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಬಾರದುಗಳನ್ನು ಹೇನು ಹೆಕ್ಕಿದ ಹಾಗೆ ಹೆಕ್ಕಿ ಒಂದೊಂದೇ ವಾಕ್ಯ ತಿರುಗಿಸುವುದು ಅವಳ ಕೊನೇ ಕೆಲಸ, ಈ ಸಲ ಒಂಬತ್ತಿದ್ದವು, ಸೇತುವೆಯದನ್ನು ಮಾತ್ರ ಮುಟ್ಟಬಾರದು ಅಂದುಕೊಂಡಿದ್ದಳು, ಶಾಸಕರು ಬೈದರೆ ಬೈಸಿಕೊಳ್ಳೋಣ ಅಂತ ಮಾತು ಸಹ ತಯಾರಿಟ್ಟುಕೊಂಡಿದ್ದಳು, ಅಥವಾ ಸುತ್ತುದಾರಿಯನ್ನು ಬಳಸಬಹುದು ಅಂತ ತಿರುಗಿಸಲು ಕೂತು, ಬಹುದು ಅಂತ ಟೈಪು ಮಾಡಿ, ಸುತ್ತುದಾರಿ ಅಂತ ಹಾಕುವಷ್ಟರಲ್ಲಿ ಯಾರೋ ಕರೆದು ಎದ್ದು ಹೋದಳೇ, ಇಲ್ಲ, ಕರಡಿನ ಮೇಲೆ ಶಾಸಕರೇ ತಮ್ಮ ಹಸಿರು ಪೆನ್ನಿನಲ್ಲಿ ಬಾರದು ಹೊಡೆದು ಹಾಕಿ ಬಹುದು ಬರೆದರೇ, ಹಸಿರು ಗೀಟು ಕಂಡ ಹಾಗಿದೆ, ಅದು ಹೋದ ತಿಂಗಳದೋ ಏನೋ, ಕರಡು ಕಚೇರಿಯ ಎರಡನೇ ಡ್ರಾಯರಿನಲ್ಲಿದೆ, ಮೊದಲು ಅದನ್ನು ನೋಡಬೇಕು. ಸಂಜೆ ಕಾಲೇಜಿನ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ತೂಕಡಿಸುವ ಗುಮಾಸ್ತರನ್ನೂ ನರ್ಸುಗಳನ್ನೂ ಎಬ್ಬಿಸುತ್ತಿದ್ದದ್ದು ಹೀಗೆ, ಪರೀಕ್ಷೆಯಲ್ಲಿ ನಕಲು ಮಾಡಬಹುದು ಅಂತ ಬೋರ್ಡು ಹಾಕ್ತೀನಿ, ಆಗ ನಿಮಗೆಲ್ಲ ಬಹುದು ಯಾವುದು ಬಾರದು ಯಾವುದು ಅಂತ ಒಂದೇ ದಿನದಲ್ಲಿ ಬರುತ್ತೆ, ಎಲ್ಲರೂ ನಗುತ್ತಿದ್ದರು, ಅವಳು ನಗುತ್ತಲೇ ಬರೆದುಕೊಳ್ಳುತ್ತಿದ್ದಳು, ಮೂವತ್ತಾರರ ವಯಸ್ಸಿನಲ್ಲಿ ಪದವಿ, ಚೌಕಟ್ಟು ಹಾಕಿಸಿದವಳು ತಂಗಿ.

ತಂಗಿ — ಗಂಟೆ ಎಷ್ಟು, ಮೂರು ಹತ್ತು, ಅವಳ ಗಾರ್ಮೆಂಟ್ಸ್ ಬಿಡುವುದು ಮೂರೂವರೆಗೆ, ಕಾಲುವೆಯ ಆಚೆ ಇನ್ನೂರೈವತ್ತು ಹೆಂಗಸರು ಒಟ್ಟಿಗೆ ಗೇಟು ದಾಟುತ್ತಾರೆ, ಎರಡು ವಾರದಿಂದ ಸುತ್ತುದಾರಿಯಲ್ಲಿ ಮುಕ್ಕಾಲು ಗಂಟೆ ನಡೆದು ಬಂದು ಕಾಲು ಚಾಚಿ ಕೂರುವ ತಂಗಿ, ಎಲ್ರೂ ಹೇಳ್ತಾರೆ ಕಣೇ ಅಕ್ಕ, ಸೇತುವೆ ಏನೂ ಆಗಿಲ್ಲ ಸುಮ್ನೆ ಅಡ್ಡ ಬೊಂಬು ಕಟ್ಟಿದಾರೆ ಅಂತ, ನಾನು ಹೇಳಿದ್ದೀನಿ, ನಮ್ಮಕ್ಕ ಬರೆಯೋ ಪತ್ರದಲ್ಲಿ ಬರಲಿ, ಬಂದ್ರೆ ಮಾತ್ರ ನಾನು ಕಾಲಿಡೋದು, ನೀನು ಅಕ್ಷರ ತೂಗಿ ಬರೆಯೋಳು. ಅಕ್ಷರ ತೂಗಿ. ಬೆಳಿಗ್ಗೆ ಬಾಗಿಲಿಗೆ ಬಿದ್ದ ಪತ್ರವನ್ನು ಊಟದ ಚೀಲಕ್ಕೆ ಹಾಕಿಕೊಂಡೇ ಹೋದಳು, ಅವಳಿಗೆ ಫೋನು ಮಾಡೋಣವೆಂದರೆ ಗೇಟಿನಲ್ಲೇ ಎಲ್ಲರ ಫೋನೂ ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಾರೆ, ಶಾಸಕರು ಸಭೆಯಲ್ಲಿದ್ದಾರೆ, ಫೋನು ಆಫ್ ಆಗಿದೆ, ಎಂಜಿನಿಯರು, ಹೌದು ಎಂಜಿನಿಯರು, ಎತ್ತು, ಎತ್ತಪ್ಪಾ, ಹಲೋ ಏನ್ರೀ ಮೇಡಂ, ಸಾರ್ ಆ ಸೇತುವೆ ಬೊಂಬು ಇದೆ ತಾನೇ, ಎಲ್ಲಿದೆ ಮೇಡಂ, ಬೆಳಿಗ್ಗೆ ತೆಗೆಸಿಬಿಟ್ಟೆ, ನಿಮ್ಮ ಸಾಹೇಬ್ರೇ ಬಳಸಬಹುದು ಅಂತ ಅಚ್ಚು ಹಾಕಿಸಿದ್ಮೇಲೆ ಬೇಡ ಅನ್ನೋಕೆ ನಾನ್ಯಾರು, ಬೇರೆ ಎಂಜಿನಿಯರ್ ಕೈಲಿ ನೋಡಿಸಿದಾರೆ ಅಂದ್ಕೊಂಡೆ, ಅಯ್ಯೋ ಅದು ತಪ್ಪು ಸಾರ್, ತಪ್ಪಾ, ಯಾರ ತಪ್ಪು, ನಾನು ಊರಾಚೆ ಇನ್ಸ್‌ಪೆಕ್ಷನ್‌ನಲ್ಲಿದ್ದೀನಿ, ಬರವಣಿಗೆಯಲ್ಲಿ ಕೊಡಿ, ನಾಳೆನೇ ಬೊಂಬು ಕಟ್ಟಿಸ್ತೀನಿ. ಬರವಣಿಗೆಯಲ್ಲಿ. ಇದೇ ಎಂಜಿನಿಯರು ಬೊಂಬು ಕಟ್ಟಿಸಿದ ದಿನ ಅವಳನ್ನೂ ಶಾಸಕರನ್ನೂ ಸೇತುವೆಯ ನಡುವಿಗೆ ಕರೆದೊಯ್ದು ಯಾವ ಕಡೆಯಿಂದ ಎಣಿಸಿದರೂ ಐದನೆಯದಾಗುವ ತಗಡನ್ನು ಬೂಟಿನ ತುದಿಯಿಂದ ಒತ್ತಿದ್ದ, ತಗಡು ನಾಲಿಗೆಯ ಹಾಗೆ ಕೆಳಗೆ ಹೋಗಿ ಮೇಲೆ ಬಂದಿತ್ತು, ಸಂದಿಯಲ್ಲಿ ಓಡುವ ನೀರು, ಒಬ್ಬಿಬ್ಬರಾದ್ರೆ ತಡೆದೀತು ಸಾರ್, ಶಿಫ್ಟು ಬಿಟ್ಟಾಗ ನುಗ್ಗಿದ್ರೆ ನಾನು ಮಾತು ಕೊಡಲ್ಲ, ಶಾಸಕರು ಅದರ ಮೇಲಿಡಲು ಕಾಲು ಎತ್ತಿದ್ದರು, ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಿದ್ದರು, ಈಗ ಅವಳಿಗೆ ಕಾಣುವುದು ಆ ಎತ್ತಿದ ಕಾಲೇ, ಶಾಸಕರದಲ್ಲ, ತಂಗಿಯದು, ತಗಡಿನ ಮೇಲೆ ಗೇಣುದ್ದದಲ್ಲಿ. ಸರ್ಕಲ್ ಬಂತು, ಬಸ್ಸು ಎಡಕ್ಕೆ ತಿರುಗಿದರೆ ಎರಡೇ ನಿಮಿಷಕ್ಕೆ ಕಚೇರಿ, ಡ್ರಾಯರು, ಕರಡು, ಹಸಿರು ಗೀಟು ಇದ್ದರೆ ತಪ್ಪು ಅವಳದಲ್ಲ, ಇಲ್ಲದಿದ್ದರೆ ಅವಳದು, ತಿಳಿದುಬಿಟ್ಟರೆ ತಲೆ ಹಗುರ, ಕಾಲುವೆ ಬಲಕ್ಕೆ, ನಡೆದರೆ ಕಾಲು ಗಂಟೆ, ಇಳೀತೀರೋ ಇಲ್ಲೇ ಮನೆ ಮಾಡ್ತೀರೋ, ಕಂಡಕ್ಟರು, ಇಳೀತೀನಿ, ಇಳಿದಳು, ಇಳಿದ ಮೇಲೂ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದಳು, ಥೂ, ನಾಚಿಕೆಯಾಗಬೇಕು ನಿನಗೆ, ಬಲಕ್ಕೆ.

ಓಡಿದರೆ ಎಷ್ಟಾಗುತ್ತದೆ, ಓಡಿ ಎಷ್ಟು ವರ್ಷವಾಯಿತು, ಹಳೇ ಸೋಫಾ ರಿಪೇರಿ ಅಂಗಡಿ, ಬೀಗ ಮಾಡುವವನು, ಏನಮ್ಮಾ ಬಸ್ ತಪ್ಪಿತಾ, ಹೌದು ತಪ್ಪಿತು, ತಪ್ಪು, ಯಾರದು, ಹಸಿರು ಪೆನ್ನಾಗಿರಲಿ ದೇವರೇ, ಛೆ, ಇಂಥಾ ಹೊತ್ತಿನಲ್ಲಿ ಬೇಡಿಕೊಳ್ಳುವುದು ಇದನ್ನೇ, ಕಾಲು ಕೆಳಗೆ ಬಾರದಿರಲಿ ಅನ್ನುವುದು ಬಿಟ್ಟು, ಬಹುದು, ಬಾರದು, ಓಟದ ಲಯಕ್ಕೆ ಸರಿಯಾಗಿ ಒಂದು ಹೆಜ್ಜೆಗೆ ಬಹುದು ಇನ್ನೊಂದಕ್ಕೆ ಬಾರದು, ಬಾಯೊಳಗೆ ಅಷ್ಟೇ ಉಳಿದಿದೆ, ನಿಲ್ಲು, ಹೋಗು, ತಿರುಗು, ಅಂಥ ಸಣ್ಣ ಪದಗಳೆಲ್ಲ ಎಲ್ಲಿ ಹೋದವೋ, ಆಚೆಯಿಂದ ಸೈರನ್ನು, ಮೂರೂವರೆ, ಇಷ್ಟು ಬೇಗ, ಅವರ ಗಡಿಯಾರ ಮುಂದಿದೆ ಅಂತ ತಂಗಿ ಬೈಯುವುದುಂಟು, ಬೆಳಿಗ್ಗೆ ಮಾತ್ರ ಮುಂದಿರುತ್ತೆ ಸಂಜೆ ಹಿಂದಿರುತ್ತೆ ಕಣೇ ಆ ಗಡಿಯಾರ, ಎಲ್ಲಿ ಹಿಂದಿದೆ, ಈವತ್ತು ಸರಿಯಾಗಿದೆಯಲ್ಲ, ಕಾಲುವೆ ಏರಿ ಹತ್ತಿದಳು, ಈಚೆಯ ತುದಿಯಲ್ಲಿ ಬೊಂಬು ಹುಲ್ಲಿನ ಮೇಲೆ ಮಲಗಿದೆ, ತೂಬು ಬಿಟ್ಟಿದ್ದಾರೆ, ನೀರು ಕಂದು ಬಣ್ಣಕ್ಕೆ ತಿರುಗಿ ಕಿವಿ ತುಂಬುವಷ್ಟು ಮೊರೆಯುತ್ತಿದೆ, ಆಚೆಯ ತುದಿಯಲ್ಲಿ ಹೆಂಗಸರು, ಮೊದಮೊದಲು ಬಣ್ಣ ಮಾತ್ರ, ಆಮೇಲೆ ಕೈಗಳು, ಊಟದ ಚೀಲಗಳು, ಎಲ್ಲರಿಗಿಂತ ಮುಂದೆ ಸೇತುವೆಯ ಮೇಲೆ ತಂಗಿ, ಹಿಂದಿದ್ದವರ ಕಡೆ ತಿರುಗಿ ಏನೋ ಹೇಳುತ್ತಾ, ನೋಡಿದ್ರಾ, ನಮ್ಮಕ್ಕ ಬರೆದ್ಮೇಲೆ ಮುಗೀತು, ಅಂತಲೇ ಇರಬೇಕು, ಎರಡನೇ ತಗಡು, ಮೂರನೇದು, ಹಿಂದೆ ಇಪ್ಪತ್ತು ಜನ, ಮೂವತ್ತು, ಕಂಬಿ ನಡುಗುತ್ತಿದೆ, ತಂಗಿ ಅವಳನ್ನು ಕಂಡಳು, ಕೈ ಬೀಸಿದಳು, ಅವಳು ಎರಡೂ ಕೈ ಎತ್ತಿ ಎದೆಯೊಳಗಿನ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದಳು, ಬಂದದ್ದು ಅದೊಂದೇ ಪದ, ಬಾರದು, ಬಾರದೂ — ನೀರಿನ ಮೊರೆತ ಬಾಲವನ್ನು ನುಂಗಿತು, ಬಾ, ಅಷ್ಟೇ ಆಚೆ ದಾಟಿತು, ಬಾ, ತಂಗಿಯ ಮುಖ ಅರಳಿತು, ಎತ್ತಿದ ಕೈ ಅವಳಿಗೆ ಕರೆಯುವ ಕೈಯಾಗಿ ಕಂಡಿತು, ತುಟಿ ಆಡಿದ್ದು ಇಲ್ಲಿಂದಲೇ ಓದಬಹುದು, ಬಂದೆ ಕಣೇ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನಾಲ್ಕನೇ ತಗಡಿನಿಂದ ಬಲಗಾಲು ಎದ್ದಿತು, ಹಿಮ್ಮಡಿಯ ಬಿರುಕು, ಜೋತ ಚಪ್ಪಲಿ, ಅದರ ಕೆಳಗೆ ಗೇಣುದ್ದ ಬಿಸಿಲು, ಎತ್ತಿದ ಕಾಲು, ಎತ್ತಿದ ಕಾಲು —