ಅಪ್ಪನನ್ನು ಎತ್ತುವವರು ಯಾರು?

ನಮ್ಮ ಬೆಂಗ್ರೆಯಲ್ಲಿ ನಡೆಯಲಾಗದವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಸಣ್ಣ ಮಾತಲ್ಲ. ಮಂಗಳೂರು ಪೇಟೆ ಎದುರಿಗೇ ಕಾಣುತ್ತದೆ, ಆದರೆ ನಡುವೆ ಹೊಳೆ. ರಸ್ತೆಯಲ್ಲಿ ಹೋಗುವುದಾದರೆ ಕೂಳೂರು ಸುತ್ತಬೇಕು, ಗುಂಡಿಗಳಲ್ಲಿ ರಿಕ್ಷಾ ಕುಲುಕಿ ಇದ್ದ ನೋವೂ ಜಾಸ್ತಿಯಾಗುತ್ತದೆ. ಹಾಗಾಗಿ ಫೆರಿಯೇ ಗತಿ. ಗಾಲಿಕುರ್ಚಿ ಇದ್ದವರನ್ನೂ ಫೆರಿಗೆ ಹತ್ತಿಸುವಾಗ, ಇಳಿಸುವಾಗ ಯಾರಾದರೂ ಎತ್ತಲೇಬೇಕು.

ನಾನು ರಾಹಿಲಾ, ಇಲ್ಲಿನ ಮಹಿಳಾ ಸಂಘದವಳು. ನನಗೆ ಬಾಯಿ ಸ್ವಲ್ಪ ಜೋರು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಪಕ್ಕದ ಮನೆಯ ಜಯಕ್ಕ ಮತ್ತು ಅವರ ಮಗಳು ಅಕ್ಷಿತಾ ಒಪ್ಪಿದ್ದರಿಂದಲೇ ಈ ಕಥೆ ಹೇಳುತ್ತಿದ್ದೇನೆ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರಿಂದ ಆದ ಅನಾಹುತ ಇದು, ಬಾಯಿ ಜೋರಿನವಳೇ ಹೇಳಬೇಕಲ್ಲವೇ?

ಜಯಕ್ಕನ ಗಂಡ ಮೋನಪ್ಪಣ್ಣ ಮೊದಲು ಬೋಟಿನಲ್ಲಿ ದುಡಿಯುತ್ತಿದ್ದವರು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ತಡವರಿಸತೊಡಗಿತು. ಉಳಿದದ್ದು ಎಡಗೈ ಒಂದು. ಆ ಕೈಯಲ್ಲೇ ಗಂಜಿ ಉಣ್ಣುತ್ತಿದ್ದರು, ತಲೆ ಬಾಚಿಕೊಳ್ಳುತ್ತಿದ್ದರು, ಟಿವಿಯ ರಿಮೋಟಿಗೆ ಸಣ್ಣ ಮಕ್ಕಳಂತೆ ಜಗಳವಾಡುತ್ತಿದ್ದರು. ವಾರಕ್ಕೊಮ್ಮೆ ಪೇಟೆಯ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗಬೇಕಿತ್ತು.

ಅವರನ್ನು ಎತ್ತುತ್ತಿದ್ದವಳು ಅಕ್ಷಿತಾ. ಅವಳು ಹುಟ್ಟಿದ್ದು ಆ ಮನೆಯ ದೊಡ್ಡ ಮಗನಾಗಿ. ಮೀನಿನ ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಮೀನಿನ ಬುಟ್ಟಿ, ಐಸಿನ ಪೆಟ್ಟಿಗೆ ಹೊತ್ತು ಪಳಗಿದ ತೋಳು. ಎರಡು ವರ್ಷದ ಹಿಂದೆ ಒಂದು ದಿನ, ತಾನು ಒಳಗಿನಿಂದ ಯಾವತ್ತೂ ಹೆಣ್ಣೇ, ಇನ್ನು ಹೆಣ್ಣಾಗಿಯೇ ಬದುಕುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟಳು. ತಮ್ಮ ಲತೇಶ್ ಎದ್ದು ಹೊರಗೆ ಹೋದ. ಜಯಕ್ಕ ಅತ್ತರು, ಬೈದರು, ಮತ್ತೆ ಅತ್ತರು. ಕೊನೆಗೆ ಹೇಳಿದ್ದು ಇಷ್ಟೇ. "ನೀನು ಎಂತ ಬೇಕಾದ್ರೂ ಆಗು ಮಗಾ, ಮನೆ ಬಿಟ್ಟು ಮಾತ್ರ ಹೋಗ್ಬೇಡ. ನೀನು ಹೋದ್ರೆ ಅಪ್ಪನನ್ನು ಎತ್ತುವವರು ಯಾರುಂಟು?"

ಆ ಮಾತನ್ನು ಅಕ್ಷಿತಾ ಗಂಟು ಹಾಕಿ ಇಟ್ಟುಕೊಂಡಳು. ಎತ್ತುವಷ್ಟು ದಿನ ಮಾತ್ರ ಈ ಮನೆ ತನ್ನದು ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಛೆ, ಆವತ್ತೇ ಯಾರಾದರೂ ಕೇಳಿದ್ದರೆ!

ಆಮೇಲೆ ಅವಳು ಡಾಕ್ಟರರ ಹತ್ತಿರ ಹಾರ್ಮೋನು ಚಿಕಿತ್ಸೆ ಶುರು ಮಾಡಿದಳು. ಧಕ್ಕೆಯ ಕೆಲಸ ಬಿಟ್ಟು ಪೇಟೆಯ ಟೈಲರ್ ಅಂಗಡಿಗೆ ಸೇರಿದಳು. ಚರ್ಮ ನಯವಾಯಿತು, ಮುಖ ತುಂಬಿತು. ಮೊದಲು ಯಾರ ಕಣ್ಣಿಗೂ ಕಣ್ಣು ಕೊಡದೆ ಓಡಾಡುತ್ತಿದ್ದವಳು ನಮ್ಮ ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದು ನಗುವುದನ್ನು ನಾನು ನೋಡಿದೆ. ಸ್ನಾಯು ಕಡಿಮೆಯಾಗಿ ಬಲವೂ ಕಡಿಮೆಯಾಗುತ್ತದೆ ಎಂದು ಡಾಕ್ಟರರು ಮೊದಲೇ ತಿಳಿಸಿದ್ದರು. ಉಳಿದದ್ದನ್ನೆಲ್ಲ ಅವಳು ಮನೆಯಲ್ಲಿ ಹೇಳಿದಳು, ಇದೊಂದನ್ನು ನುಂಗಿಕೊಂಡಳು.

ತಿಂಗಳು ಕಳೆದಂತೆ ತೋಳು ಸೋಲತೊಡಗಿತು. ಆಗ ಅವಳು ಮಾಡಿದ ಉಪಾಯ ಕೇಳಿ. ಉಬ್ಬರದ ಹೊತ್ತಿಗೆ ಹೊಳೆ ತುಂಬಿ ಫೆರಿ ಮತ್ತು ಜೆಟ್ಟಿ ಸಮಸಮ ಬರುತ್ತವೆ, ಅಪ್ಪನನ್ನು ಎತ್ತಿಕೊಂಡು ಸುಮ್ಮನೆ ಕಾಲು ದಾಟಿಸಿದರೆ ಆಯಿತು. ಇಳಿತದ ಹೊತ್ತಿಗೆ ನೀರು ಕೆಳಗೆ ಹೋಗಿ ಫೆರಿಯೂ ಕೆಳಗೆ ಇರುತ್ತದೆ, ಭಾರ ಹೊತ್ತು ಮೇಲೆ ಹತ್ತಬೇಕು. ಹಾಗಾಗಿ ಅವಳು ಪ್ರತಿ ವಾರ ಉಬ್ಬರದ ಹೊತ್ತು ನೋಡಿ ಆಸ್ಪತ್ರೆಗೆ ಸಮಯ ಕೇಳುತ್ತಿದ್ದಳು. ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಮಧ್ಯಾಹ್ನ. ಜಯಕ್ಕ ಗೊಣಗುತ್ತಿದ್ದರು, "ಇವಳದ್ದೊಂದು ಸಮಯವೇ ಸರಿ ಇಲ್ಲ ಮಾರಾಯ್ತಿ." ಬುದ್ಧಿಯೇನೋ ಚುರುಕು, ಆದರೆ ಅಷ್ಟು ಬುದ್ಧಿಯನ್ನು ಮುಚ್ಚಿಡಲಿಕ್ಕೆ ಖರ್ಚು ಮಾಡಿದಳಲ್ಲ ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ವಾರ ಆಸ್ಪತ್ರೆಯವರು ಅವಳು ಕೇಳಿದ ಸಮಯ ಕೊಡಲಿಲ್ಲ. ನೀರು ಪೂರ್ತಿ ಇಳಿದ ಹೊತ್ತು. ನಾನೂ ಅದೇ ಫೆರಿಯಲ್ಲಿದ್ದೆ. ಫೆರಿ ಪೇಟೆ ಬದಿಯ ಬಂದರಿನ ಜೆಟ್ಟಿಗೆ ತಾಗಿತು. ಅಕ್ಷಿತಾ ಅಪ್ಪನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಕೈ ಕೊಡ್ಲಾ?" ಎಂದು ಫೆರಿಯವ ಕೇಳಿದ.

"ಬೇಡ ಅಣ್ಣ, ನನಗೆ ಅಭ್ಯಾಸ ಉಂಟು."

ಒಂದು ಕಾಲನ್ನು ಮೇಲಿನ ಮೆಟ್ಟಿಲಿಗೆ ಇಟ್ಟಳು. ಇನ್ನೊಂದು ಕಾಲು ಮೇಲೆ ಬರಲೇ ಇಲ್ಲ. ಅವಳ ತೋಳು ನಡುಗುವುದು ನನಗೆ ಕಾಣಿಸಿತು. "ಹಿಡೀರಿ, ಯಾರಾದ್ರೂ ಹಿಡೀರಿ!" ಎಂದು ನಾನು ಬೊಬ್ಬೆ ಹಾಕುವಷ್ಟರಲ್ಲಿ ಮೋನಪ್ಪಣ್ಣ ಜಾರಿ ಸಿಮೆಂಟಿನ ಮೇಲೆ ಬಿದ್ದರು. ಬೀಳುವಾಗ ತಡೆಯಲಿಕ್ಕೆ ಕೈ ಊರಿದರು. ಯಾವ ಕೈ ಊರಿಯಾರು? ಇದ್ದದ್ದು ಅದೊಂದೇ. ಮಣಿಕಟ್ಟಿನ ಮೂಳೆ ಮುರಿಯಿತು.

ಆ ಮನೆಯಲ್ಲಿ ಆಮೇಲಿನ ದಿನಗಳು ಯಾವ ಶತ್ರುವಿಗೂ ಬೇಡ. ಮೋನಪ್ಪಣ್ಣನ ಕೈಗೆ ಪ್ಲಾಸ್ಟರ್ ಹಾಕಿದ್ದರು. ಉಣ್ಣಿಸುವುದು, ಮುಖ ಒರೆಸುವುದು, ಸೊಳ್ಳೆ ಓಡಿಸುವುದು, ಎಲ್ಲಕ್ಕೂ ಬೇರೆಯವರು ಬೇಕು. ಅಕ್ಷಿತಾ ಮೂಲೆ ಹಿಡಿದಳು. ಲತೇಶ್ ಬೈಕಂಪಾಡಿಯ ಫ್ಯಾಕ್ಟರಿಯಿಂದ ಬಂದವನೇ ಅವಳ ಮೇಲೆ ಹರಿಹಾಯ್ದ.

"ಆ ಹಾರ್ಮೋನು ಮಾತ್ರೆಯೇ ಇದಕ್ಕೆಲ್ಲ ಕಾರಣ ಅಕ್ಕ. ಅದನ್ನು ಬಿಸಾಡು. ಮೊದ್ಲಿನ ಹಾಗೆ ಗಟ್ಟಿ ಆಗು."

"ಬಿಟ್ಟಾಯ್ತು," ಎಂದಳು ಅಕ್ಷಿತಾ ತಲೆ ಎತ್ತದೆ. "ಬಿದ್ದ ದಿನವೇ ಬಿಟ್ಟೆ. ಅಪ್ಪನಿಗೆ ಬೇಕಾದದ್ದು ಗಟ್ಟಿ ಮಗ. ನಾನು ವಾಪಸ್ ಹಾಗೇ ಆಗ್ತೇನೆ."

ಇಷ್ಟು ಕಷ್ಟಪಟ್ಟು ತಾನು ತಾನಾಗಿದ್ದವಳು ಅದನ್ನು ಬಿಟ್ಟುಕೊಡಲು ಹೊರಟಿದ್ದಳು, ಅದೂ ತಪ್ಪಿತಸ್ಥಳ ಹಾಗೆ. ಸುಮ್ಮನಿರಲು ನನ್ನಿಂದಾಗಲಿಲ್ಲ. ಮೋನಪ್ಪಣ್ಣನಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಫಿಯೋನಾಗೆ ಫೋನು ಮಾಡಿದೆ. ಆ ಹುಡುಗಿ ರಜೆಯ ದಿನ ಫೆರಿ ಹತ್ತಿ ಬಂದೇ ಬಿಟ್ಟಳು.

"ಮಾತ್ರೆ ಬಿಡ್ಲಿಕ್ಕೆ ಯಾರು ಹೇಳಿದ್ದು? ಡಾಕ್ಟರಾ?" ಎಂದು ಫಿಯೋನಾ ಕೇಳಿದಳು.

"ಯಾರೂ ಇಲ್ಲ, ನಾನೇ."

"ನೀನೇ ಡಾಕ್ಟರ್ ಆದ್ರೆ ಅವರು ಯಾಕೆ ಅಲ್ಲಿ ಕೂತಿದ್ದಾರೆ ಮಾರಾಯ್ತಿ? ಬಿಡುವುದು, ಜಾಸ್ತಿ ಮಾಡುವುದು, ಎರಡೂ ಅವರನ್ನು ಕೇಳಿಯೇ ಆಗ್ಬೇಕು. ಮತ್ತೆ, ಬಿಟ್ಟ ಕೂಡ್ಲೇ ನಾಳೆ ತೋಳು ಮೊದ್ಲಿನ ಹಾಗೆ ಆಗ್ತದೆ ಅಂತ ಲೆಕ್ಕ ಹಾಕ್ಬೇಡ."

ಲತೇಶ್ ಬಿಡಲಿಲ್ಲ. "ಇದು ವಿಷ ಅಲ್ವಾ ಮೇಡಂ? ಐಸಿನ ಪೆಟ್ಟಿಗೆ ಎತ್ತುತ್ತಿದ್ದವಳನ್ನು ಹೀಗೆ ಮಾಡಿತಲ್ಲ."

"ವಿಷ ಅಲ್ಲ. ಗಂಡಿನ ಹಾರ್ಮೋನು ಕಡಿಮೆಯಾದ್ರೆ ಸ್ನಾಯು ಸ್ವಲ್ಪ ಕರಗ್ತದೆ, ಬಲ ಕಡಿಮೆಯಾಗ್ತದೆ. ಕೆಲವು ತಿಂಗಳಲ್ಲಿ ಶುರುವಾಗಿ ಒಂದೆರಡು ವರ್ಷ ನಿಧಾನಕ್ಕೆ ಆಗುವ ಬದಲಾವಣೆ ಅದು. ಕೆಲವರಿಗೆ ಸ್ವಲ್ಪ, ಕೆಲವರಿಗೆ ಜಾಸ್ತಿ. ಇದು ಮೊದ್ಲೇ ಗೊತ್ತಿರುವ ವಿಷಯ. ಗೊತ್ತಿದ್ದದ್ದಕ್ಕೆ ತಯಾರಿ ಮಾಡ್ಬಹುದು." ಅಕ್ಷಿತಾ ಕಡೆ ತಿರುಗಿದಳು. "ನೀನು ದಿನಕ್ಕೆ ಎಂತ ತಿಂತೀ?"

"ಬೆಳಿಗ್ಗೆ ಚಾ. ಮಧ್ಯಾಹ್ನ ಸ್ವಲ್ಪ ಅನ್ನ, ಸಾರು. ದಪ್ಪ ಆಗ್ಬಾರ್ದಲ್ಲ."

"ಮತ್ತೆ ಇಡೀ ದಿನ ಮಿಷಿನಿನ ಮುಂದೆ ಕೂತ್ಕೊಳ್ಳುವುದು. ಬಲ ಎಲ್ಲಿಂದ ಬರ್ಬೇಕು, ಅರಬ್ಬಿ ಸಮುದ್ರದಿಂದಲಾ? ಧಕ್ಕೆಯ ಪಕ್ಕ ಇದ್ದು ಬೂತಾಯಿ ಮೀನು ತಿನ್ಲಿಕ್ಕೂ ಬರ್ಗಾಲವಾ? ಮೀನು, ಮೊಟ್ಟೆ, ಹೆಸರುಕಾಳು ಹೊಟ್ಟೆಗೆ ಹೋಗ್ಬೇಕು. ತೋಳಿಗೆ, ಕಾಲಿಗೆ ವ್ಯಾಯಾಮ ನಾನು ಹೇಳಿಕೊಡ್ತೇನೆ. ಮೊದ್ಲಿನಷ್ಟೇ ಬಲ ಬರ್ತದೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಇದ್ದದ್ದನ್ನು ಉಳಿಸ್ಬಹುದು." ಆಮೇಲೆ ಅವಳ ದನಿ ಸಣ್ಣದಾಯಿತು. "ಪ್ರತಿ ವಾರ ಸಮಯ ಬದಲಿಸ್ತಿದ್ದಿ. ಯಾಕೆ ಅಂತ ನಾನೂ ಒಂದು ಮಾತು ಕೇಳ್ಬೇಕಿತ್ತು."

ಆಗ ಅಕ್ಷಿತಾ ಉಬ್ಬರ ಇಳಿತದ ಕಥೆ ಹೇಳಿದಳು. ನಮಗೆಲ್ಲ ಗೊತ್ತಾದದ್ದು ಆವಾಗಲೇ.

ಜಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ನೋಡಿದ್ದೆ. ನೀರಿನ ಕೊಡಪಾನ ಅರ್ಧ ದಾರಿಯಲ್ಲಿ ಕೆಳಗೆ ಇಡ್ತಿದ್ದಳು. ಕೇಳಿದ್ರೆ ಬೇಜಾರು ಮಾಡಿಕೊಳ್ತಾಳೆ ಅಂತ ಸುಮ್ಮನಿದ್ದೆ."

ಮಂಚದ ಮೇಲಿದ್ದ ಮೋನಪ್ಪಣ್ಣನೂ ಬಾಯಿ ತೆರೆದರು. ಒಂದೊಂದೇ ಮಾತು ಹುಡುಕಿ ಹೇಳಿದರು. "ನಡುಗ್ತಿತ್ತು. ನನಗೆ... ಗೊತ್ತಿತ್ತು."

ನೋಡಿ, ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರೀತಿ ಇಲ್ಲದ ಮನೆಯಲ್ಲ ಅದು. ಒಬ್ಬರಿಗೆ ಇನ್ನೊಬ್ಬರು ನೊಂದುಕೊಳ್ಳುತ್ತಾರೆ ಎಂಬ ಹೆದರಿಕೆ. ಆ ಹೆದರಿಕೆಗೆ ಮುರಿದದ್ದು ಪಾಪದ ಮನುಷ್ಯನ ಕೈ.

"ನೀನು ಹೇಳ್ಬಾರ್ದಿತ್ತಾ ಮಗಾ?" ಎಂದರು ಜಯಕ್ಕ.

"ಹೇಗೆ ಹೇಳ್ಲಿ ಅಮ್ಮ? ಎತ್ಲಿಕ್ಕೆ ಆಗದಿದ್ರೆ ಈ ಮನೆಯಲ್ಲಿ ನನಗೆ ಎಂತ ಜಾಗ ಉಂಟು? ನೀನೇ ಹೇಳಿದ್ದಿ ಅಲ್ವಾ?"

ಜಯಕ್ಕ ಎದೆ ಎದೆ ಬಡಿದುಕೊಂಡರು. "ಅಯ್ಯೋ ದೇವರೇ, ಹಾಗೆ ಅಂದ್ಕೊಂಡ್ಯಾ? ನೀನು ಹೋಗ್ಬೇಡ ಅಂತ ಹೇಳಿದ್ದು ನಾನು! ನೀನು ಬೇಕು ಅಂತ ನೆಟ್ಟಗೆ ಹೇಳ್ಲಿಕ್ಕೆ ನನಗೆ ಬರ್ಲಿಲ್ಲ. ಅಪ್ಪನ ಹೆಸರು ಹೇಳಿದೆ. ನಿನ್ನ ತೋಳಿಗೆ ನಾನು ಅನ್ನ ಹಾಕಿದ್ದಾ? ಎತ್ತಿದ್ರೂ ಎತ್ತದಿದ್ರೂ ನೀನು ನನ್ನ ಮಗಳು." ತಾಯಿ ಮಗಳು ಇಬ್ಬರೂ ಅತ್ತರು. ಫಿಯೋನಾ ಗೋಡೆ ನೋಡುತ್ತ ನಿಂತಳು. ನಾನು ಯಾವ ಗೋಡೆಯನ್ನೂ ನೋಡಲಿಲ್ಲ, ಅವರ ಜೊತೆಗೇ ಅತ್ತೆ.

ಅತ್ತಾದ ಮೇಲೆ ಫಿಯೋನಾ ಕೆಲಸಕ್ಕೆ ಇಳಿದಳು. ಮೋನಪ್ಪಣ್ಣನ ಸೊಂಟಕ್ಕೆ ಅಗಲವಾದ ಗಟ್ಟಿ ಬಟ್ಟೆಯ ಪಟ್ಟಿ ಕಟ್ಟಿ, "ಒಬ್ಬರೇ ಎತ್ತುವುದು ಇವತ್ತಿಗೆ ಮುಗೀತು. ಬಾ ಲತೇಶ್, ಈ ಕಡೆಯಿಂದ ಪಟ್ಟಿ ಹಿಡಿ," ಎಂದಳು.

"ನಾನಾ? ನನಗೆ ಅದೆಲ್ಲ ಗೊತ್ತಿಲ್ಲ ಮೇಡಂ."

"ಹಾಗಾಗಿಯೇ ಕರೆದದ್ದು. ಸೊಂಟ ಬಗ್ಗಿಸ್ಬೇಡ, ಮೊಣಕಾಲು ಮಡಚು. ಕಂಕುಳಿಗೆ ಕೈ ಹಾಕಿ ಎಳೀಬೇಡ, ಭುಜ ಕಳಚ್ತದೆ. ಅಕ್ಷಿತಾ ಆ ಕಡೆ. ಇಬ್ಬರೂ ಒಟ್ಟಿಗೆ."

ಇಬ್ಬರೂ ಎತ್ತಿದರು. ಲತೇಶನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಅಪ್ಪನನ್ನು ಕುರ್ಚಿಗೆ ಕೂರಿಸಿ ಅವನು ಏದುಸಿರು ಬಿಟ್ಟ. "ಅಬ್ಬ! ಅಪ್ಪ ಇಷ್ಟು ಭಾರವಾ?"

ಅವನು ಅಕ್ಕನನ್ನು ನೋಡಿದ. "ಇಷ್ಟು ಭಾರವನ್ನು ನೀನು ಒಬ್ಬಳೇ ಎತ್ತುತ್ತಿದ್ದ್ಯಾ?"

"ನೀನು ಕೇಳ್ಲೇ ಇಲ್ಲ," ಎಂದಳು ಅಕ್ಷಿತಾ. ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ತಾಗಿತು ಎಂದು ಕಾಣುತ್ತದೆ. ಮಾತ್ರೆಯ ಸುದ್ದಿಯನ್ನು ಅವನು ಮತ್ತೆ ಎತ್ತಲಿಲ್ಲ. ಮುಂದಿನ ಸಲ ಅವಳು ಡಾಕ್ಟರರ ಹತ್ತಿರ ಹೋಗುವಾಗ ರಜೆ ಹಾಕಿ ಜೊತೆಗೆ ಹೋದ. ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ನೋಡಿ, ಚಿಕಿತ್ಸೆ ಮುಂದುವರಿಸಿದರು. ಈಗ ಆಸ್ಪತ್ರೆಯ ದಿನಕ್ಕೆ ಸರಿಯಾಗಿ ಅವನು ಶಿಫ್ಟ್ ಬದಲಿಸಿಕೊಳ್ಳುತ್ತಾನೆ. ಇಳಿತವಿದ್ದರೆ ಫೆರಿಯವರೂ ಕೈ ಕೊಡುತ್ತಾರೆ, ಅಕ್ಷಿತಾ ಬೇಡ ಎನ್ನುವುದಿಲ್ಲ.

ಎಲ್ಲ ಸರಿಹೋಯಿತು ಎಂದು ಹೇಳಿ ಮುಗಿಸಲು ನನಗೂ ಆಸೆ. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೂ ಮೋನಪ್ಪಣ್ಣನ ಬೆರಳು ಮಡಚುತ್ತಿಲ್ಲ. ಮೊದಲಿನ ಹಾಗೆ ಆಗುತ್ತದೋ ಇಲ್ಲವೋ, ಯಾರೂ ಖಂಡಿತ ಮಾಡಿ ಹೇಳುವುದಿಲ್ಲ. ಅಕ್ಷಿತಾ ಉಣ್ಣಿಸುವಾಗ ಅವರು ಒಮ್ಮೊಮ್ಮೆ ಮುಖ ತಿರುಗಿಸುತ್ತಾರೆ. ಹಸಿವಿಲ್ಲದ್ದಕ್ಕಲ್ಲ, ನಾಚಿಕೆಗೆ.

ಅಕ್ಕಂದಿರೇ, ತಂಗಿಯಂದಿರೇ, ನೀವು ಹೆಣ್ಣಾಗಿ ಬದುಕಲು ಹಾರ್ಮೋನು ಚಿಕಿತ್ಸೆಯಲ್ಲಿದ್ದರೆ, ನಿಮ್ಮ ಬಲ ಕಡಿಮೆಯಾಗುವುದು ನಿಮ್ಮ ತಪ್ಪಲ್ಲ. ಅದನ್ನು ಮುಚ್ಚಿಡಬೇಡಿ. ಮನೆಯಲ್ಲಿ ಹೇಳಿ, ಕೆಲಸದಲ್ಲಿ ಹೇಳಿ, ಭಾರ ಎತ್ತುವಾಗ ಇನ್ನೊಬ್ಬರನ್ನು ಕರೆಯಿರಿ. ಹೊಟ್ಟೆ ತುಂಬ ತಿನ್ನಿ, ವ್ಯಾಯಾಮ ಬಿಡಬೇಡಿ, ಡಾಕ್ಟರರು ಹೇಳಿದ ರಕ್ತ ಪರೀಕ್ಷೆ ತಪ್ಪಿಸಬೇಡಿ. ಒಮ್ಮೆಲೇ ವಿಪರೀತ ಸುಸ್ತಾದರೆ, ಒಂದು ಕಾಲು ಊದಿಕೊಂಡು ನೋಯತೊಡಗಿದರೆ, ಎದೆನೋವು ಬಂದರೆ, ಉಸಿರು ಕಟ್ಟಿದರೆ ಅದು ಬೇರೆಯೇ ಸಂಗತಿ. ಆಗ ತಡಮಾಡದೆ ಆಸ್ಪತ್ರೆಗೆ ಓಡಿ.

ಮನೆಯವರೇ, ನಿಮಗೂ ಒಂದು ಮಾತು. ಈ ಕಥೆ ಓದಿ ಮುಗಿಸಿದ ಕೂಡಲೇ, ನಿಮ್ಮ ಮನೆಯಲ್ಲಿ ಭಾರ ಎತ್ತುವವರು ಯಾರೋ ಅವರ ಹತ್ತಿರ ಹೋಗಿ. "ನಿನಗೆ ಆಗ್ತದಾ?" ಎಂದು ಕೇಳಿ. ಆ ಭಾರಕ್ಕೆ ಒಮ್ಮೆ ನಿಮ್ಮ ಕೈಯನ್ನೂ ಕೊಟ್ಟು ನೋಡಿ. ಜಯಕ್ಕನ ಮನೆಯಲ್ಲಿ ಒಬ್ಬರು ಒಂದು ಮಾತು ಕೇಳಿದ್ದರೆ, ಮೋನಪ್ಪಣ್ಣ ಇವತ್ತಿಗೂ ತಮ್ಮ ಕೈಯಿಂದಲೇ ಉಣ್ಣುತ್ತಿದ್ದರು.